ಎಂಟು ಕುರ್ಚಿಗಳ ಪರೀಕ್ಷೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ದುಡಿದ ಮೇಸ್ತ್ರಿಗೆ ಬಟ್ಟೆಯ ವಿಷಯದಲ್ಲಿ ಗೊತ್ತಿಲ್ಲದ್ದು ಏನೂ ಇರಲಿಲ್ಲ. ರಕ್ತದ ಕಲೆಗೆ ತಣ್ಣೀರು, ಔಷಧಿಯ ಹಳದಿ ಕಲೆಗೆ ಬೇರೆ ಪುಡಿ, ಮಕ್ಕಳ ವಾರ್ಡಿನ ಹೊದಿಕೆಯನ್ನು ಮಾತ್ರ ಎರಡು ಸಲ ಜಾಲಿಸಬೇಕು, ಇವೆಲ್ಲ ಅವನ ಬೆರಳ ತುದಿಯಲ್ಲಿದ್ದವು. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಈ ಹಾಸು ಯಾವ ವಾರ್ಡಿನದೆಂದು ಹೇಳಬಲ್ಲವನು. ಅಂಥವನನ್ನು ಐವತ್ತೊಂದನೇ ವಯಸ್ಸಿನಲ್ಲಿ ಇಂಗ್ಲಿಷಿನ ಕ್ರಿಯಾಪದಗಳು ಹಿಡಿದು, ಹಿಂಡಿ, ಒಣಹಾಕಿದವು.

ಆಸ್ಪತ್ರೆ ಹೊಸಬರ ಕೈಗೆ ಹೋಗಿ ಆರು ತಿಂಗಳಾಗಿತ್ತು. ಹೊಸಬರು ಮೊದಲು ಗೋಡೆಗೆ ಬಣ್ಣ ಬಳಿಸಿದರು, ಆಮೇಲೆ ಸುತ್ತೋಲೆ ಕಳಿಸಿದರು. ಪ್ರತಿ ವಿಭಾಗದ ಮುಖ್ಯಸ್ಥರು ಮೂರು ತಿಂಗಳೊಳಗೆ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಬೇಕು, ಮಾಡದವರು ಮುಖ್ಯಸ್ಥರ ಜಾಗ ಬಿಟ್ಟು ಸಾಮಾನ್ಯ ಕೆಲಸಕ್ಕೆ ಇಳಿಯಬೇಕು. ಹಾಗೆ ಸಿಕ್ಕಿಬಿದ್ದವರು ಎಂಟು ಜನ. ಅಡುಗೆಮನೆಯ ಹಿರಿಯಾಕೆ, ಆಂಬುಲೆನ್ಸ್ ಡ್ರೈವರುಗಳ ಮುಖ್ಯಸ್ಥ, ಉಗ್ರಾಣದವನು, ಹೀಗೆ ಎಲ್ಲರೂ ಕೂದಲು ನರೆತವರೇ. ಅವರಲ್ಲಿ ಒಬ್ಬ ಮೇಸ್ತ್ರಿಯ ಷಡ್ಡಕ. ಅವನು ಲಿಫ್ಟು, ಕೊಳಾಯಿ, ಕರೆಂಟುಗಳ ರಿಪೇರಿ ವಿಭಾಗದವನು, ಕೆಲಸಗಾರರ ಸಂಘಕ್ಕೂ ಅವನೇ ಮುಂದಾಳು. ಹಾಗಾಗಿ ಆಸ್ಪತ್ರೆಯೆಲ್ಲ ಅವನನ್ನು ‘ಲೀಡರ್’ ಎಂದೇ ಕರೆಯುತ್ತಿತ್ತು.

ವಾರಕ್ಕೆರಡು ಬೆಳಗ್ಗೆ ಕ್ಯಾಂಟೀನಿನ ಮೇಲಿನ ಕೋಣೆಯಲ್ಲಿ ಪಾಠ. ಕಲಿಸಲು ಬರುತ್ತಿದ್ದ ಮೇಡಂ ಸಣ್ಣ ಪ್ರಾಯದವಳು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಕೆಮ್ಮಿನ ಔಷಧಿ. ಪುಸ್ತಕ ಎಲ್ಲೋ ಯಾರಿಗೋ ಅಚ್ಚಾದದ್ದು, ಅದರ ಕೊನೆಯ ಎರಡು ಪಾಠಗಳು ಸಂಬಂಧಗಳು ಮತ್ತು ರಾಜಕೀಯ. ಪರೀಕ್ಷೆ ಬರುವುದು ಆ ಎರಡರಿಂದಲೇ, ಜೊತೆಗೆ ಕ್ರಿಯಾಪದ.

“ಸೋಪಿನ ಪುಡಿ ಡಬ್ಬದ ಮೇಲೆ ಏನಿದೆ ಅಂತ ಕೇಳಿದ್ರೆ ಒಂದರ್ಥ ಇದೆ ಮೇಡಂ,” ಎಂದ ಮೇಸ್ತ್ರಿ. “ನನಗ್ಯಾಕೆ ಪಾರ್ಲಿಮೆಂಟು?”

“ಪುಸ್ತಕ ನಾನು ಆರಿಸಿದ್ದಲ್ಲ,” ಎಂದಳು ಮೇಡಂ.

ಸಂಬಂಧಗಳ ಪಾಠದ ದಿನ ಕೋಣೆಯ ಸೂರು ಹಾರಿಹೋಗುವಷ್ಟು ನಗು. ಷಡ್ಡಕನಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಮೇಸ್ತ್ರಿ ಕೇಳಿದ. ‘ಬ್ರದರ್-ಇನ್-ಲಾ’ ಎಂದಳು ಮೇಡಂ. ಭಾವನಿಗೆ? ಅದೇ. ಮೈದುನನಿಗೆ? ಅದೂ ಅದೇ.

“ಹಾಗಾದ್ರೆ ಮದುವೆ ಮನೇಲಿ ಒಬ್ಬನ್ನ ಕೂಗಿದ್ರೆ ಹತ್ತು ಜನ ಓಡಿ ಬರ್ತಾರಲ್ಲ!” ಎಂದಳು ಅಡುಗೆಮನೆಯ ಹಿರಿಯಾಕೆ.

ಮೇಸ್ತ್ರಿಗೆ ಪದಗಳು ಬೇಗ ಹತ್ತಿದವು. ನಂಬಿಕೆ, ನಿಷ್ಠೆ, ದ್ರೋಹ, ಬಹುಮತ, ವಿರೋಧ ಪಕ್ಷ, ಇವೆಲ್ಲವನ್ನೂ ಅವನು ಮಡಿಸಿದ ಹಾಸುಗಳಂತೆ ತಲೆಯಲ್ಲಿ ಒಂದರ ಮೇಲೊಂದು ಜೋಡಿಸಿಟ್ಟುಕೊಂಡ. ಹತ್ತದೇ ಹೋದದ್ದು ಕ್ರಿಯಾಪದ. ನಮ್ಮ ಮಾತಿನಲ್ಲಿ ಬಂದ, ಬಂದಳು, ಬಂದರು ಎಂದರೆ ಸಾಕು, ಯಾರು ಬಂದರೆಂದೂ ಅವರಿಗೆಷ್ಟು ಮರ್ಯಾದೆಯೆಂದೂ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಮಾವನೂ ‘ಹೀ’, ಮಾವನ ಮನೆಯ ಟಗರೂ ‘ಹೀ’. ನಿನ್ನೆಗೆ ಒಂದು ಬಾಲ, ಇವತ್ತಿಗೆ ಒಂದು ಬಾಲ, ನಾಳೆಗೆ ಮುಂದೆ ಒಂದು ಕೊಂಬು. ಅವನು ಬಾಲ ಹಿಡಿದರೆ ಕೊಂಬು ಕೈಬಿಡುತ್ತಿತ್ತು.

ಲೀಡರನೇ ಅವನಿಗೆ ಹೇಳಿಕೊಟ್ಟ. ಇಬ್ಬರ ಮನೆಯೂ ಆಸ್ಪತ್ರೆಯ ಹಿಂದಿನ ವಸತಿಯಲ್ಲೇ, ನಡುವೆ ಒಂದೇ ಗೋಡೆ. ಅಕ್ಕತಂಗಿಯರು ಆ ಗೋಡೆ ತಟ್ಟಿಯೇ ಉಪ್ಪು ಸಕ್ಕರೆ ಕೇಳುವವರು. ಸಂಜೆ ಹೊಸ್ತಿಲ ಮೆಟ್ಟಿಲಲ್ಲಿ ಷಡ್ಡಕರಿಬ್ಬರೂ ಶಾಲೆಯ ಹುಡುಗರಂತೆ ನೋಟುಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ‘ನಾನು ಗೌರವಿಸುವ ಬಂಧು’ ಎಂದು ಐದು ವಾಕ್ಯ ಬರೆಯಬೇಕಿತ್ತು. ಲೀಡರ್ ಮೇಸ್ತ್ರಿಯ ಮೇಲೆ ಬರೆದ, ಮೇಸ್ತ್ರಿ ಲೀಡರನ ಮೇಲೆ ಬರೆದ.

“ಸುಮ್ನೆ ಹೊಗಳಬೇಡ ಅಣ್ಣ, ವ್ಯಾಕರಣ ನೋಡು,” ಎನ್ನುತ್ತಿದ್ದ ಲೀಡರ್.

ಪರೀಕ್ಷೆಗೆ ಹತ್ತು ದಿನವಿದೆ ಎನ್ನುವಾಗ ಲೀಡರ್ ಎಂಟೂ ಜನರನ್ನು ಲಾಂಡ್ರಿಯ ದೊಡ್ಡ ಮೇಜಿನ ಸುತ್ತ ಸೇರಿಸಿದ. ಆಡಳಿತದವರ ಜೊತೆಗಿನ ಹಳೆಯ ಒಪ್ಪಂದದ ಪ್ರತಿಯನ್ನು ಅವನು ಅಕ್ಷರ ಅಕ್ಷರವಾಗಿ ಓದಿದ್ದ.

“ಕೇಳಿ. ಹೊಸ ಪರೀಕ್ಷೆ ತಂದ್ರೆ ಅದಕ್ಕೆ ಕೆಲಸಗಾರರ ಒಪ್ಪಿಗೆ ಇರಬೇಕು. ಒಬ್ಬರೂ ಬರೀಲಿಲ್ಲ ಅಂದ್ರೆ ಒಪ್ಪಿಗೆ ಇಲ್ಲ ಅಂತ ಅರ್ಥ, ಸುತ್ತೋಲೆ ಬಿದ್ದೇ ಹೋಗತ್ತೆ. ಒಬ್ಬನೇ ಒಬ್ಬ ಬರೆದ್ರೂ ಪರೀಕ್ಷೆ ನಡೆದ ಹಾಗೆ. ನಾವೆಲ್ಲ ಮುಳುಗಿದ ಹಾಗೆ. ಇವತ್ತಿಂದ ಪಾಠಕ್ಕೂ ಹೋಗೋದು ಬೇಡ.”

ಎಲ್ಲರೂ ಮೇಜಿನ ಮೇಲೆ ಕೈಯಿಟ್ಟರು. ಮೇಸ್ತ್ರಿಯೂ ಇಟ್ಟ. ಮನಸ್ಸಿನಿಂದಲೇ ಇಟ್ಟ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಆಡಳಿತಾಧಿಕಾರಿ ಮೇಸ್ತ್ರಿಯನ್ನು ತನ್ನ ಕೋಣೆಗೆ ಕರೆಸಿದ. ಕುರ್ಚಿ ಕೊಟ್ಟ, ಚಹಾ ತರಿಸಿದ. ಅವನು ನಯವಾದ ಮನುಷ್ಯ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು.

“ನಾಳೆ ನೀವೂ ಬರ್ತೀರಲ್ಲ? ಐದು ಜನ ಆಗಲೇ ಹೆಸರು ಕೊಟ್ಟಿದ್ದಾರೆ. ಗುಟ್ಟಾಗಿ. ಯಾರು ಅಂತ ಕೇಳಬೇಡಿ, ಹೇಳೋದು ಸರಿಯಲ್ಲ.”

“ಐದು ಜನಾನಾ?”

“ಐದು. ಬರೆಯದೆ ಉಳಿದವರ ಮನೆ ಬದಲಾಗತ್ತೆ. ನೆಲಮಹಡಿ ಮನೆ ಮುಖ್ಯಸ್ಥರಿಗೆ ಮಾತ್ರ ಅಲ್ವಾ? ನಿಮ್ಮ ಅತ್ತೆಯವರಿಗೆ ಸೊಂಟ ಮುರಿದಿದೆಯಂತೆ, ಪಾಪ. ನಾಲ್ಕನೇ ಮಹಡಿ ಹತ್ತೋದು ಹೇಗೆ ಅಂತ ನನಗೂ ಯೋಚನೆ.”

ಮೇಸ್ತ್ರಿ ಮನೆಗೆ ಬಂದು ಹೆಂಡತಿಗೆ ಹೇಳಿದ. ಒಳಕೋಣೆಯಲ್ಲಿ ಅತ್ತೆ ಮಲಗಿದ್ದಳು, ಎರಡು ವರ್ಷದಿಂದ ಮಲಗಿದಲ್ಲೇ.

“ಐದು ಜನ ಹೋದ ಮೇಲೆ ನೀವೊಬ್ಬರು ಮನೇಲಿ ಕೂತ್ರೆ ಯಾರಿಗೆ ಲಾಭ?” ಎಂದಳು ಹೆಂಡತಿ.

“ಲೀಡರನ್ನ ಒಂದು ಮಾತು ಕೇಳಲಾ?”

“ಕೇಳಿದ್ರೆ ಬೇಡ ಅಂತಾನೆ. ಅವನಿಗೆ ಹಟ. ಅವನು ಅಮ್ಮನ್ನ ಹೊತ್ಕೊಂಡು ಮೆಟ್ಟಿಲು ಹತ್ತಲ್ಲ.” ಆಮೇಲೆ ದನಿ ತಗ್ಗಿಸಿ, “ನನ್ನ ತಂಗಿ ಗಂಡ ಅಂತ ನನಗೂ ಗೊತ್ತು ಕಣ್ರೀ. ಆದ್ರೆ ಏನ್ ಮಾಡೋದು ಹೇಳಿ,” ಎಂದಳು.

ಗೋಡೆಯ ಆಚೆ ಲೀಡರ್ ಯಾರೊಡನೆಯೋ ಜೋರಾಗಿ ನಗುವುದು ಕೇಳಿಸುತ್ತಿತ್ತು. ತಟ್ಟಿದರೆ ಸಾಕಿತ್ತು. ತಟ್ಟಲಿಲ್ಲ.

ಮರುದಿನ ಹತ್ತಕ್ಕೆ ಐದು ನಿಮಿಷವಿರುವಾಗ ಅವನು ಕ್ಯಾಂಟೀನಿನ ಹಿಂದಿನ ಮೆಟ್ಟಿಲು ಹತ್ತಿದ. ಬಾಗಿಲಲ್ಲಿ ಗುಮಾಸ್ತನೊಬ್ಬ ಹಾಜರಿ ಹಾಳೆ ಚಾಚಿದ, ಮೇಸ್ತ್ರಿಯ ಹೆಸರಿದ್ದ ಸಾಲನ್ನು ಬಿಟ್ಟು ಉಳಿದೆಲ್ಲ ಸಾಲಿನ ಮೇಲೆ ಅಂಗೈ ಊರಿಕೊಂಡಿದ್ದ. ಮೇಸ್ತ್ರಿ ಸಹಿ ಹಾಕಿ ಒಳಗೆ ಕಾಲಿಟ್ಟ.

ಎಂಟು ಕುರ್ಚಿ. ಎಂಟೂ ಖಾಲಿ.

“ಉಳಿದೋರು?” ಎಂದ.

“ಬರ್ತಾರೆ, ಬರ್ತಾರೆ. ಕೂತ್ಕೊಳ್ಳಿ,” ಎಂದ ಮೂಲೆಯಲ್ಲಿ ಕೂತಿದ್ದ ಆಡಳಿತಾಧಿಕಾರಿ. “ಇನ್ನು ಮೇಲೆ ಇಲ್ಲಿ ಇಂಗ್ಲಿಷ್ ಮಾತ್ರ. ನಿಯಮ.”

ಮೇಡಂ ಹಲಗೆಯ ಮುಂದೆ ನಿಂತಿದ್ದಳು. ಮುಖ ಸುಣ್ಣ ಬಳಿದಂತಿತ್ತು. ಅವಳು ಕೈಯಲ್ಲಿದ್ದ ನಿಯಮಗಳ ಹಾಳೆಯನ್ನು ಓದತೊಡಗಿದಳು. ಮೇಸ್ತ್ರಿಗೆ ಅಲ್ಲೊಂದು ಇಲ್ಲೊಂದು ಪದ ಸಿಕ್ಕಿತು: ಪೆನ್ನು, ಗಂಟೆ, ಮಾತಾಡಬಾರದು. ಆಮೇಲೆ ಅವಳು ಹಾಳೆಯಿಂದ ತಲೆಯೆತ್ತಿ ಅವನನ್ನೇ ದಿಟ್ಟಿಸಿ, ಒಂದೊಂದೇ ಪದ ಬಿಡಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅದರಲ್ಲಿ ಅವನಿಗೆ ಕೇಳಿಸಿದ್ದು ‘ಸ್ಟ್ಯಾಂಡ್ ಡೌನ್’. ‘ಸ್ಟ್ಯಾಂಡ್’ ಅಂದರೆ ಏಳುವುದು, ‘ಡೌನ್’ ಅಂದರೆ ಕೆಳಗೆ. ಅವನು ಎದ್ದು ನಿಂತ. ನಿಂತು ಅನುಮಾನವಾಗಿ ಮತ್ತೆ ಕೂತ. ಆಡಳಿತಾಧಿಕಾರಿ ಫೋನಿನಿಂದ ಕಣ್ಣೆತ್ತಿ ನಕ್ಕ.

ಮೇಡಂ ಇನ್ನೊಮ್ಮೆ ಅದನ್ನೇ ಹೇಳಿದಳು. ಕೆಮ್ಮು ಬಂತು. ಮೇಸ್ತ್ರಿ ಮತ್ತೆ ಅರ್ಧ ಎದ್ದು, ಅವಳ ಮುಖ ನೋಡಿ, ಅಧಿಕಾರಿಯ ಮುಖ ನೋಡಿ, “ಯೆಸ್ ಮೇಡಂ,” ಎಂದು ಕೂತುಬಿಟ್ಟ. ಗಂಟೆ ಹೊಡೆಯಿತು.

ಪ್ರಶ್ನೆಪತ್ರಿಕೆ ಅಷ್ಟೇನೂ ಕಷ್ಟವಿರಲಿಲ್ಲ, ಅದೇ ಅವನಿಗೆ ಹೆಚ್ಚು ಹಿಂಸೆಯಾಯಿತು. ಹೊಂದಿಸಿ ಬರೆಯಿರಿ: ನಿಷ್ಠೆಯುಳ್ಳವನು ಯಾರು, ದ್ರೋಹವೆಂದರೆ ಏನು, ಮಿತ್ರಪಕ್ಷವೆಂದರೆ ಏನು. ಗೆರೆ ಎಳೆದ. ಎಲ್ಲ ಸರಿಯಿದೆಯೆಂದು ಅವನಿಗೇ ಗೊತ್ತಿತ್ತು. ಪ್ರತಿ ಗೆರೆ ಎಳೆದಾಗಲೂ ಬಾಗಿಲ ಕಡೆ ನೋಡಿದ. ಮೆಟ್ಟಿಲಲ್ಲಿ ಸದ್ದಾದಾಗ ಜೀವ ಬಂದಂತಾಯಿತು, ನೋಡಿದರೆ ಕ್ಯಾಂಟೀನಿನವಳು ಖಾಲಿ ಲೋಟಗಳಿಗೆ ಬಂದವಳು. ಅವಳು ಒಳಗೆ ಇಣುಕಿದಳು, ಅವನನ್ನು ಕಂಡಳು, ಲೋಟ ತೆಗೆದುಕೊಳ್ಳದೆ ಕೆಳಗಿಳಿದಳು. ಇನ್ನು ಊರಿಗೆಲ್ಲ ಗೊತ್ತಾಯಿತು ಎಂದುಕೊಂಡ. ಕ್ರಿಯಾಪದಗಳ ಪುಟಕ್ಕೆ ಬಂದ. ನಿನ್ನೆಯ ಬಾಲ ಇವತ್ತಿಗೆ, ಇವತ್ತಿನ ಬಾಲ ನಾಳೆಗೆ ಅಂಟಿಸಿದ. ಕೊನೆಯಲ್ಲಿ ಐದು ವಾಕ್ಯ, ಗೌರವಿಸುವ ಬಂಧುವಿನ ಬಗ್ಗೆ. ಅವನಿಗೆ ಬಾಯಿಪಾಠವಾಗಿದ್ದುದು ಒಬ್ಬನ ಬಗ್ಗೆ ಮಾತ್ರ. ಅದನ್ನೇ ಬರೆದ.

ಹೊರಗೆ ಬಂದಾಗ ಮೇಡಂ ಮೊಗಸಾಲೆಯಲ್ಲಿ ಅವನನ್ನು ಹಿಡಿದು ನಿಲ್ಲಿಸಿದಳು.

“ನಾನು ಎದ್ದು ಹೋಗಿ ಅಂದೆ. ಎರಡು ಸಲ ಹೇಳಿದೆ.”

“ನಿಂತು ಕೂತ್ಕೊ ಅಂದ್ರಿ ಅಂದ್ಕೊಂಡೆ ಮೇಡಂ.”

“ಅಲ್ಲ. ಅದರ ಅರ್ಥ ಹಿಂದೆ ಸರಿಯೋದು. ಚುನಾವಣೆಗೆ ನಿಂತವರು ಹೆಸರು ವಾಪಸ್ ತಗೋತಾರಲ್ಲ, ಅದು. ನಿಯಮದ ಹಾಳೆಯಲ್ಲೇ ಇತ್ತು, ಗಂಟೆ ಹೊಡೆಯೋದಕ್ಕೆ ಮುಂಚೆ ಸರಿದಿದ್ರೆ ಹಾಜರಿ ಲೆಕ್ಕಕ್ಕೆ ಬರ್ತಿರಲಿಲ್ಲ.” ಅವಳ ಕಣ್ಣು ತುಂಬಿತ್ತು. “ಆ ಮಾತು ರಾಜಕೀಯ ಪಾಠದ ಕೊನೇ ಪುಟದಲ್ಲಿತ್ತು. ನೀವ್ಯಾರೂ ಆ ದಿನ ಬರಲಿಲ್ಲ.”

“ನಮ್ಮ ಮಾತಲ್ಲಿ ಹೇಳಬಹುದಿತ್ತಲ್ಲ ಮೇಡಂ.”

“ಹೇಳಿದ್ರೆ ನಾಳೆ ನಾನಿಲ್ಲಿ ಇರ್ತಿರಲಿಲ್ಲ,” ಎಂದಳು ಅವಳು. ಮತ್ತೆ ತಾನೇ, “ಹೇಳಬೇಕಿತ್ತು,” ಎಂದಳು. ಅಷ್ಟರಲ್ಲಿ ಅಧಿಕಾರಿ ಹೊರಬಂದ. ಮೇಡಂ ಕೆಮ್ಮುತ್ತ ಮೆಟ್ಟಿಲಿಳಿದಳು.

ಮೂರನೇ ದಿನ ಸೂಚನಾ ಫಲಕದಲ್ಲಿ ಹಾಳೆ ಬಿತ್ತು. ಪರೀಕ್ಷೆ ನಿಯಮದಂತೆ ನಡೆದಿದೆ. ಗೈರುಹಾಜರಾದ ಏಳು ಜನರನ್ನು ಮುಖ್ಯಸ್ಥರ ಜಾಗದಿಂದ ಇಳಿಸಲಾಗಿದೆ. ಅವರಲ್ಲಿ, ಇತರರನ್ನು ತಡೆದ ಕಾರಣಕ್ಕೆ ರಿಪೇರಿ ವಿಭಾಗದವನನ್ನು ಕೆಲಸದಿಂದಲೇ ತೆಗೆಯಲಾಗಿದೆ, ಹದಿನೈದು ದಿನದಲ್ಲಿ ಮನೆ ಬಿಡಬೇಕು. ಬರೆದ ಒಬ್ಬನಿಗೆ ನೂರಕ್ಕೆ ನಲವತ್ತಾರು, ಪಾಸಾಗಲು ಐವತ್ತು ಬೇಕಿತ್ತು. ಆದರೂ ಅವನು ತೋರಿದ ಸಹಕಾರಕ್ಕಾಗಿ ಮುಂದಿನ ಪರೀಕ್ಷೆಯವರೆಗೆ ಜಾಗವನ್ನೂ ಮನೆಯನ್ನೂ ಉಳಿಸಲಾಗಿದೆ.

ಆ ‘ಸಹಕಾರ’ ಎಂಬ ಒಂದು ಪದ ಮೇಸ್ತ್ರಿಯನ್ನು ಕೊಂದಿತು. ಲಾಂಡ್ರಿಗೆ ಬಟ್ಟೆ ತರುವವರು ಗಂಟನ್ನು ಬಾಗಿಲಲ್ಲೇ ಇಟ್ಟು ಹೋಗತೊಡಗಿದರು. ಅಡುಗೆಮನೆಯ ಹಿರಿಯಾಕೆ ಎದುರು ಸಿಕ್ಕಾಗ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು, ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ಅಧಿಕಾರಿಯ ಬಳಿ ಹೋಗಿ, “ನನ್ನ ಪೇಪರು ಹರಿದುಹಾಕಿ ಸಾರ್, ನಾನು ಬರೆದೇ ಇಲ್ಲ ಅಂತ ಬರ್ಕೊಡ್ತೀನಿ,” ಎಂದು ಕೈಮುಗಿದ. ಅಧಿಕಾರಿ ಮತ್ತೆ ಕುರ್ಚಿ ಕೊಟ್ಟ, ಮತ್ತೆ ಚಹಾ ತರಿಸಿದ.

“ಬರೆದಿದ್ದನ್ನ ಬರೆದಿಲ್ಲ ಅನ್ನೋಕೆ ಆಗಲ್ಲ ಮೇಸ್ತ್ರಿ. ಮುಂದಿನ ಸಲ ಪಾಸಾಗ್ತೀರಿ ಬಿಡಿ.”

“ಐದು ಜನ ಬರ್ತಾರೆ ಅಂದ್ರಲ್ಲ ಸಾರ್?”

“ಮನಸ್ಸು ಬದಲಾಯಿಸಿರಬೇಕು.”

ಲೀಡರನ ಮನೆಯ ಬಾಗಿಲಿಗೆ ಅವನು ಎರಡು ಸಲ ಹೋದ. ಮೊದಲ ಸಲ ಯಾರೂ ತೆಗೆಯಲಿಲ್ಲ. ಎರಡನೇ ಸಲ ನಾದಿನಿ ತೆಗೆದಳು. ಇಪ್ಪತ್ತು ವರ್ಷ ಬಾಯಿತುಂಬ ‘ಭಾವ’ ಎಂದವಳು ಒಳಗೆ ತಿರುಗಿ, “ಲಾಂಡ್ರಿ ಮೇಸ್ತ್ರಿಯವರು ಬಂದಿದ್ದಾರೆ,” ಎಂದಳು. ಲೀಡರ್ ಬಾಗಿಲಿಗೆ ಬರಲಿಲ್ಲ. ಅವನು ನಿಲ್ಲುವಷ್ಟು ನಿಂತು ವಾಪಸಾದ.

ಮನೆಯಲ್ಲಿ ಅತ್ತೆ, “ಚಿಕ್ಕವಳು ಯಾಕೆ ಗೋಡೆ ತಟ್ಟಲ್ಲ?” ಎಂದು ಕೇಳುತ್ತಲೇ ಇದ್ದಳು. ಕೆಲಸ ಜಾಸ್ತಿಯಂತೆ ಎಂದು ಹೇಳಿ ಹೇಳಿ ಹೆಂಡತಿಗೆ ಸಾಕಾಯಿತು. ಒಂದು ಬೆಳಗ್ಗೆ ಮುದುಕಿ ತಾನೇ ಕೈ ಚಾಚಿ ಗೋಡೆಯನ್ನು ಮೂರು ಸಲ ತಟ್ಟಿದಳು. ಆಚೆ ಪಾತ್ರೆ ಕಟ್ಟುತ್ತಿದ್ದ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಅವರು ಹೊರಟದ್ದು ಭಾನುವಾರ, ಚೆನ್ನಾಗಿ ಬಿಸಿಲೇರಿದ ಮೇಲೆ. ಬಾಡಿಗೆ ಲಾರಿ ಬಂದು ನಿಂತಿತು. ಸಂಘದವರಲ್ಲಿ ಬರುತ್ತೇವೆಂದವರು ಒಬ್ಬರೂ ಬರಲಿಲ್ಲ. ಅಧಿಕಾರಿಯ ಕಿಟಕಿ ಆ ಕಡೆಗೇ ಇತ್ತು. ಲೀಡರ್ ಒಬ್ಬನೇ ಸಣ್ಣಪುಟ್ಟದ್ದನ್ನೆಲ್ಲ ಹೊತ್ತುಹಾಕಿ, ಕೊನೆಗೆ ಬೀರುವಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ. ಅದು ಒಬ್ಬನಿಂದಾಗುವ ಕೆಲಸವಲ್ಲ. ಡ್ರೈವರನಿಗೆ ಬೆನ್ನುನೋವು, ಅವನು ಆಗಲೇ ಆಗುವುದಿಲ್ಲವೆಂದಿದ್ದ.

ಮೇಸ್ತ್ರಿ ತನ್ನ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ. ಆಮೇಲೆ ಹೋಗಿ ಬೀರುವಿನ ಇನ್ನೊಂದು ತುದಿ ಹಿಡಿದ. ಲೀಡರ್ ಅವನ ಮುಖ ನೋಡಲಿಲ್ಲ. ಬೇಡ ಎನ್ನಲೂ ಇಲ್ಲ.

“ಎತ್ತು,” ಎಂದ.

ಎತ್ತಿದರು. ಬಾಗಿಲಲ್ಲಿ ಒಮ್ಮೆ ಸಿಕ್ಕಿಕೊಂಡಿತು. “ಓರೆ ಮಾಡು,” ಎಂದ ಲೀಡರ್. ಮಾಡಿದ. ಬೆರಳು ಚೌಕಟ್ಟಿಗೆ ತಗುಲಿ ಚರ್ಮ ಕಿತ್ತುಬಂತು, ಮೇಸ್ತ್ರಿ ಹಿಡಿತ ಬಿಡಲಿಲ್ಲ. ಅಂಗಳ ದಾಟಿದರು. ಲಾರಿಯ ಅಂಚಿಗೆ ತಂದರು. ನೂಕಿದರು. ನಾದಿನಿ ಲಾರಿಯ ಮುಂಭಾಗದಲ್ಲಿ ಗಂಟೊಂದನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಗಾಜನ್ನೇ ನೋಡುತ್ತ ಕೂತಿದ್ದಳು. ಮೇಸ್ತ್ರಿಯ ಹೆಂಡತಿ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟುಕೊಂಡಿದ್ದಳು, ಹೊರಗೆ ಬರಲಿಲ್ಲ.

“ನನಗೆ ಐದು ಜನ ಅಂದಿದ್ರು,” ಎಂದ ಮೇಸ್ತ್ರಿ.

ಲೀಡರ್ ಹಗ್ಗ ಬಿಗಿಯುತ್ತಿದ್ದ. ಎರಡು ಗಂಟು ಹಾಕಿದ, ಎಳೆದು ನೋಡಿದ.

“ನನಗೂ ಅಂದಿದ್ರು,” ಎಂದ. “ಎಲ್ಲರಿಗೂ ಅಂದಿದ್ರು.”

ಅವನು ಹತ್ತಿ ಹೆಂಡತಿಯ ಪಕ್ಕದಲ್ಲಿ ಕೂತ. ಲಾರಿ ಹಿಂದಕ್ಕೆ ಸರಿದು, ತಿರುಗಿ, ಆಸ್ಪತ್ರೆಯ ಗೇಟು ದಾಟಿ ಹೋಯಿತು. ಮೇಸ್ತ್ರಿ ಕಿತ್ತುಹೋದ ಬೆರಳನ್ನು ಬಾಯಲ್ಲಿಟ್ಟುಕೊಂಡು ಅಂಗಳದಲ್ಲೇ ನಿಂತಿದ್ದ. ಒಳಗಿನಿಂದ ಅತ್ತೆ ಕರೆಯುತ್ತಿದ್ದಳು, ಆ ಸದ್ದೇನೆಂದು ಕೇಳುತ್ತಿದ್ದಳು. ಹೋಗಿ ಹೇಳಬೇಕಿತ್ತು.