ಕೋಟಿನೊಳಗಿನ ಕತ್ತಲು

“ನಲವತ್ತು ವರ್ಷದಾಗ ನನ್ನ ಕೈಯಾಗ ಒಂದು ಫೋಟೋನೂ ಖಾಲಿ ಹೋಗಿಲ್ರಿ” ಎಂದು ಜಹೀರಾಬಾದಿನ ಫೋಟೋಗ್ರಾಫರ್ ಆನಂದಕುಮಾರ ಹೇಳುವಾಗ ಅವನ ಎದೆ ಎಷ್ಟು ಉಬ್ಬುತ್ತಿತ್ತೆಂದರೆ, ಹೆದ್ದಾರಿಯ ಕಬ್ಬಿನ ಟ್ರಾಕ್ಟರುಗಳು ದಾರಿ ಸಾಲದೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಚಿತ್ರ ತೆಗೆಯುವವನ ಬೆನ್ನ ಹಿಂದೆ ಬೆಳಕಿರಬೇಕೆಂಬ ನಿಯಮವನ್ನು ಅವನು ನಡಿಗೆಗೂ ಅನ್ವಯಿಸಿಕೊಂಡಿದ್ದ. ಮನೆ ಪಡುವಣಕ್ಕಿದ್ದುದರಿಂದ ಸಂಜೆ ಹಸಿವಾದರೂ ಸೂರ್ಯ ಮುಳುಗಿದ ಮೇಲೆಯೇ ಮನೆಯತ್ತ ಹೆಜ್ಜೆ.

ಅವನ ಕಪ್ಪು ಕೋಟು ಇನ್ನೊಂದು ಮಹಿಮೆ. ಹೆಂಡತಿ ಜಗದೇವಿ ಎರಡು ಪದರ ದಪ್ಪ ಬಟ್ಟೆ ಕೊಟ್ಟು ಹೊಲಿದ ಆ ಕೋಟಿನೊಳಗೆ ಕ್ಯಾಮೆರಾ ಸುತ್ತಿಟ್ಟು, ತೋಳುಗಳಿಂದ ಕೈ ತೂರಿಸಿದರೆ ನಡುಹಗಲಿನಲ್ಲೇ ಅಮಾವಾಸ್ಯೆ, ರೀಲಿಗೆ ಬೆಳಕು ಸೋಕದು. ತಾಂಡೂರಿನ ಗಣಿಯಲ್ಲಿ ಬಂಡೆಗಳೇ ಎದ್ದು ನೆರಳು ಹುಡುಕುವ ಮೇ ತಿಂಗಳಲ್ಲೂ ಅದನ್ನು ಕಳಚಿದವನಲ್ಲ. ಲೋಕವೆಲ್ಲ ಫೋನಿನಲ್ಲಿ ಚಿತ್ರ ತೆಗೆದು ಆ ಗಳಿಗೆಯಲ್ಲೇ ನೋಡಿ ನಿಶ್ಚಿಂತವಾಗುವ ಈ ಕಾಲದಲ್ಲಿ, ತೊಳೆಯುವವರೆಗೆ ಏನು ಬಂದಿದೆಯೆಂದು ತಿಳಿಯದ ರೀಲನ್ನೇ ಅವನು ನಂಬಿದ್ದ.

ಕಳೆದ ವರ್ಷ ನಾರಾಯಣಖೇಡದ ಕುರಿಗಾಹಿ ಮಾಳಿಂಗಪ್ಪ ಅವನನ್ನು ಕರೆಸಿದ. ಅವನ ಅಂಗಡಿಯಲ್ಲಿ ಹರಟೆಗೆ ಕೂರುವ ನಾನೂ ಜೊತೆಗೆ ಹೋದೆ. ಮಾಳಿಂಗಪ್ಪನ ಹೆಂಡತಿ ಶರಣಬಸಮ್ಮನ ದವಡೆಯಲ್ಲಿ ಗಡ್ಡೆ. ಮಧ್ಯಾಹ್ನದ ಬಸ್ಸಿಗೆ ಹೈದರಾಬಾದು, ಮರುದಿನ ಆಪರೇಷನ್ನು. ಅರ್ಧ ದವಡೆ ಹೋಗುತ್ತದೆಂದು ವೈದ್ಯರು ಹೇಳಿದ್ದರು.

“ನಾಳಿಂದ ಈ ಮುಖ ಇರಂಗಿಲ್ಲಣ್ಣ. ಫೋನಿನಾಗಿಂದು ಹುಡುಗರು ಅಳಿಸಿಬಿಡ್ತಾರ. ನನಗ ಕಾಗದದ ಮ್ಯಾಲ ಬೇಕು” ಎಂದಳು.

ಆನಂದಕುಮಾರ ತನ್ನ ನಲವತ್ತು ವರ್ಷದ ಕೀರ್ತಿಯನ್ನು ಆಕೆಗೂ ಹೇಳಿ, ಬೇವಿನ ಕೆಳಗೆ ಕೂರಿಸಿ ಮೂವತ್ತಾರರ ರೀಲಿನಲ್ಲಿ ಮೂವತ್ತೈದು ಚಿತ್ರ ತೆಗೆದ. ಉಳಿದೊಂದು, ಗಂಡಹೆಂಡಿರನ್ನು ಬಸ್ಸು ಹತ್ತಿಸಿದ ಮೇಲೆ, ಬಸ್‌ಸ್ಟ್ಯಾಂಡಿನ ಜನಜಂಗುಳಿಗೆ. ಅದನ್ನೂ ತೆಗೆದ. ರೀಲು ಮುಗಿದರೆ ಬಿಗಿದು ನಿಲ್ಲಬೇಕಾದ ಲಿವರ್ ಮತ್ತೆ ಸರಿಯಿತು, ಮೂವತ್ತೇಳು. ರೀಲು ಒಂದೆರಡು ಹೆಚ್ಚಿಗೆ ಕೊಡುವುದುಂಟು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ನಲವತ್ತು ಕೊಡುವ ರೀಲನ್ನು ಯಾವ ಕಾರ್ಖಾನೆಯೂ ಮಾಡಿಲ್ಲ.

ರೀಲಿನ ತುದಿ ಒಳಗಿನ ಸುತ್ತುಗಾಲಿಗೆ ಸಿಕ್ಕಿರದಿದ್ದರೆ ಬೆಳಗಿನಿಂದ ತೆಗೆದದ್ದೆಲ್ಲ ಗಾಳಿಯ ಚಿತ್ರ. ತೆರೆದು ನೋಡೋಣವೆಂದರೆ, ಅಕಸ್ಮಾತ್ ಸಿಕ್ಕಿದ್ದರೆ, ರೆಪ್ಪೆ ಬಡಿಯುವಷ್ಟರಲ್ಲಿ ಆ ಮುಖ ಬೆಳಕಿಗೆ ಸುಟ್ಟುಹೋಗುತ್ತದೆ. ಸಿಮೆಂಟು ಬೆಂಚಿನ ಮೇಲೆ ಕೋಟು ಹಾಸಿ, ಕ್ಯಾಮೆರಾ ಮುಚ್ಚಿ, ಕೈ ತೂರಿಸಿದ. ಹಾವಿನ ಹುತ್ತಕ್ಕೆ ಕೈಯಿಟ್ಟವನಿಗೂ ಅಷ್ಟು ಬೆವರು ಬಾರದು. ಬೆರಳಿಗೆ ಸಿಕ್ಕಿದ್ದು ಬೋಳು ಗಾಲಿ. ರೀಲು ಮೊದಲಿನಂತೆಯೇ ನಾಲಿಗೆಯಷ್ಟು ತುದಿ ಹೊರಚಾಚಿ ಕೂತಿತ್ತು.

ಬಸ್ಸಿನ ಎಂಜಿನ್ನು ಶುರುವಾಗಿತ್ತು. ಕಿಟಕಿಯಲ್ಲಿ ಶರಣಬಸಮ್ಮ, ತನ್ನ ಮುಖ ಈ ಕೋಟಿನಲ್ಲಿ ಭದ್ರವಾಗಿದೆಯೆಂಬ ನೆಮ್ಮದಿಯಲ್ಲಿ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಬಸ್ಸು ಹೋಗಿಬಿಡುತ್ತಿತ್ತು. ಅವನು ರೀಲಿನ ತುದಿಯನ್ನು ಗಾಲಿಗೆ ಸಿಕ್ಕಿಸಿ ಓಡಿದ. ಜನ್ಮದಲ್ಲಿ ಮೊದಲ ಸಲ ಸೂರ್ಯನಿಗೆ ಮುಖ ಕೊಟ್ಟು.

“ಯವ್ವಾ, ಬೆಳಿಗ್ಗಿದು ಒಂದೂ ಬಂದಿಲ್ಲ. ತಪ್ಪು ನಂದು.”

“ಆಕಿನ್ನ ಕಲ್ಲಿನಂಗ ಕೂಡಿಸಿದ್ದೆಲ್ಲ ಖಾಲಿ ಏನಣ್ಣ?” ಎಂದು ಮಾಳಿಂಗಪ್ಪ ಬಸ್ಸಿನೊಳಗಿಂದ ಗದರಿದ.

“ಬೈಬ್ಯಾಡ್ರಿ ಅವರಿಗಿ” ಎಂದಳು ಶರಣಬಸಮ್ಮ. “ಮಾರಿ ನೋಡ್ರಿ, ಆಪರೇಷನ್ ನಂದೋ ಅಣ್ಣಂದೋ ತಿಳೀವಲ್ದು.” ಹಾಗೆಂದು ನಕ್ಕಳು. ಬಸ್ಸು ಹೊರಳುವಷ್ಟರಲ್ಲಿ ಆನಂದಕುಮಾರ ಮೂರು ಸಲ ಗುಂಡಿ ಒತ್ತಿದ, ಎದುರು ಬಿಸಿಲಿನಲ್ಲಿ.

ಆಕೆ ಬದುಕಿದಳು, ಮುಖ ಬದಲಾಯಿತು. ಹನ್ನೊಂದು ದಿನ ಅವನು ರೀಲು ತೊಳೆಯಲಿಲ್ಲ. ಎದುರು ಬಿಸಿಲಿಗೆ ಮುಖ ಇದ್ದಿಲಾಗಿದ್ದರೆ? ಮಾಳಿಂಗಪ್ಪನ ಫೋನು ಬಂದರೆ, ಅದು ಕಚ್ಚುತ್ತದೆಯೇನೋ ಎಂಬಂತೆ ಮಾರು ದೂರ ಸರಿಯುತ್ತಿದ್ದ. ಹನ್ನೆರಡನೆಯ ದಿನ ಬೆಳಿಗ್ಗೆ ಕತ್ತಲಕೋಣೆ ಹೊಕ್ಕು ಅಗಳಿ ಹಾಕಿಕೊಂಡ. ಹೊರಗೆ ಸ್ಟೂಲಿನ ಮೇಲೆ ನಾನು. ಮಧ್ಯಾಹ್ನವಾದರೂ ಸದ್ದಿಲ್ಲ.

ಆ ಮೌನ ತಾಳಲಾರದೆ ಬಾಗಿಲಿಗೆ ಬಾಯಿಟ್ಟು ಹೇಳತೊಡಗಿದೆ: ರೀಲಿನವರ ಕುಲವೇ ಹೀಗೆ, ಮಾಡಿದ ತಪ್ಪು ತಿಳಿಯುವವರೆಗೂ ಅದರೊಡನೆ ಸಂಸಾರ ಮಾಡಬೇಕಾದವರು, ಆ ಅಂಜಿಕೆಯಿಂದಲೇ ಎದುರಿಗಿರುವ ಪ್ರತಿ ಮುಖವನ್ನೂ ಇನ್ನೆಂದೂ ಸಿಗದೆಂಬಂತೆ ನೋಡುತ್ತಾರೆ.

ಒಳಗಿನಿಂದ ಆನಂದಕುಮಾರನ ದನಿ ಬಂತು:

“ತತ್ವ ಆಮ್ಯಾಲ ಹೇಳ್ರಿ. ಮುಖ ಬಂದದ. ಮಾಳಿಂಗಪ್ಪಗ ಫೋನ್ ಹಚ್ರಿ, ನನ್ನ ಕೈ ತೊಯ್ದಾವ.”