ಹುಟ್ಟುವ ಮೊದಲೇ ಜ್ಞಾನಸ್ನಾನ

ಭಾನುವಾರದ ಪೂಜೆ ಮುಗಿದು ಜನ ಇನ್ನೂ ಚರ್ಚಿನ ಅಂಗಳದಲ್ಲಿ ಹರಟುತ್ತಿದ್ದರು. ಅರುಳ್‌ಕುಮಾರ್ ಕಚೇರಿಯ ಕೋಣೆಯಲ್ಲಿ ಫಾದರ್ ಚೌರಪ್ಪನವರ ಮುಂದೆ ಕುಳಿತಿದ್ದ. ಟಿವಿಯಲ್ಲಿ ಕಬಡ್ಡಿ ನೋಡುವವರಿಗೆಲ್ಲ ಅವನ ಮುಖ ಗೊತ್ತು. ನಾಲ್ಕು ವರ್ಷ ದೊಡ್ಡ ಲೀಗ್‌ನಲ್ಲಿ ಆಡಿ ಹೆಸರು ಮಾಡಿದವನು. ಹೋದ ವರ್ಷ ಮಂಡಿ ಕೈಕೊಟ್ಟಿತು. ಹೊತ್ತು ಮೆರೆಸಿದವರು ಒಬ್ಬೊಬ್ಬರೇ ಫೋನ್ ಎತ್ತುವುದನ್ನು ಬಿಟ್ಟರು. ಆಗ ಅಮ್ಮನ ಜಪಮಾಲೆಗೆ ದನಿಗೂಡಿಸುತ್ತ ಕುಳಿತವನಿಗೆ, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದ ಮಾತುಗಳಿಗೆ ಅರ್ಥವೂ ಇದೆ ಎಂದು ಮೊದಲ ಸಲ ಅನ್ನಿಸಿತು. ಕುಂಟುತ್ತಲೇ ಚರ್ಚಿನ ಮೈದಾನದಲ್ಲಿ ಮಕ್ಕಳಿಗೆ ಆಟ ಕಲಿಸತೊಡಗಿದ. ಅಂಪೈರ್ ನೋಡದಿದ್ದರೂ ಮುಟ್ಟಿಸಿಕೊಂಡವನು ತಾನೇ ಕೈ ಎತ್ತಿ ಹೊರಗೆ ನಡೆಯಬೇಕು ಎಂಬುದು ಅವನ ಮೊದಲ ಪಾಠ. ಚಪ್ಪಾಳೆಗಲ್ಲದೆ ಬೇರೆ ಯಾವುದಕ್ಕೋ ತಾನು ಬೇಕಾಗಿದ್ದೇನೆ ಎಂಬುದು ಅವನಿಗೆ ಹೊಸ ಸುಖ. ಜ್ಞಾನಸ್ನಾನ ಪಡೆದವರು ಬೆಳೆದ ಮೇಲೆ ಪಡೆಯುವ, ತಾನು ಆಟದ ಹಿಂದೆ ಓಡಿ ತಪ್ಪಿಸಿಕೊಂಡಿದ್ದ ದೃಢೀಕರಣ ಸಂಸ್ಕಾರವನ್ನು ಈಗಲಾದರೂ ಪಡೆಯೋಣವೆಂದು ಹೆಸರು ಕೊಟ್ಟಿದ್ದ.

ಫಾದರ್ ಹಸುಗೂಸುಗಳ ಜ್ಞಾನಸ್ನಾನ ದಾಖಲಿಸಿದ ಹಳೆಯ ದಪ್ಪ ಪುಸ್ತಕವನ್ನೂ ಅವನ ಆಧಾರ್ ಪ್ರತಿಯನ್ನೂ ಎರಡೆರಡು ಸಲ ನೋಡಿ, ಕನ್ನಡಕ ತೆಗೆದು ನಕ್ಕರು.

“ಏನಪ್ಪಾ ಅರುಳ, ಆಧಾರ್ ಪ್ರಕಾರ ನಿಂಗೆ ಇಪ್ಪತ್ತಾರು. ನಮ್ಮ ಪುಸ್ತಕದಲ್ಲಿ ಇಪ್ಪತ್ತೆಂಟು. ಅಂದ್ರೆ ಹುಟ್ಟೋಕೆ ಮೊದ್ಲೇ ನಿಂಗೆ ಜ್ಞಾನಸ್ನಾನ ಆಗೋಗಿದೆ! ಇಂಥಾ ಪವಾಡ ನಮ್ಮ ಚರ್ಚಲ್ಲಿ ನಡೆದಿದ್ದು ನಂಗೆ ಗೊತ್ತೇ ಇರ್ಲಿಲ್ವಲ್ಲ.”

ಅರುಳನ ಕಿವಿ ಬಿಸಿಯಾದವು. ವಯಸ್ಸು ತಿಳಿಯಲು ಹಲ್ಲು ನೋಡಿದ ಡಾಕ್ಟರಿಗೂ ಸಹಿ ಹಾಕಿದ ಅಧಿಕಾರಿಗೂ ಸಿಗದ ಕಳ್ಳ, ಇಲಿ ಕಡಿದ ಈ ಪುಸ್ತಕಕ್ಕೆ ಸಿಕ್ಕಿಬಿದ್ದಿದ್ದ.

“ಕೋಚು ಮಾಡ್ಸಿದ್ದು ಫಾದರ್. ಹದಿನಾರರೊಳಗಿನ ಟೀಮ್‌ಗೆ ಅಂತ ಎರಡು ವರ್ಷ ಇಳ್ಸಿದ್ರು. ಆಗ ಎಲ್ರೂ ಮಾಡ್ತಿದ್ರು.”

“ಹೌದಪ್ಪ, ನೀನಿನ್ನೂ ಹುಡುಗ. ದೊಡ್ಡೋರ ತಪ್ಪೇ ಜಾಸ್ತಿ.” ಫಾದರ್ ಪೆನ್ನು ತೆಗೆದರು. “ಆದ್ರೂ ಈಗ ನಾನು ಯಾವ ತಾರೀಖು ಬರೀಲಿ?”

ಅರುಳನ ಕಣ್ಣ ಮುಂದೆ ಬಂದದ್ದು ತಾರೀಖಲ್ಲ, ಸಾಸಲು ಊರಿನ ಕೆಂಪರಾಜು. ಆಗ ನಿಜಕ್ಕೂ ಹದಿನೈದರ ಹುಡುಗ. ಹನ್ನೆರಡು ಜನರ ತಂಡಕ್ಕೆ ಹದಿಮೂರನೆಯವನಾಗಿ ಉಳಿದು, ಬ್ಯಾಗು ಹೊತ್ತು ಊರಿನ ಬಸ್ ಹತ್ತಿದವನು.

“ನಿಜವಾದ್ದೇ ಬರೀರಿ ಫಾದರ್,” ಎಂದು ತಲೆ ತಗ್ಗಿಸಿದ.

ಮನೆಯಲ್ಲಿ ವಿಷಯ ಕೇಳಿ ಅಮ್ಮ ಗಾಬರಿಯಾದಳು.

“ಮಂಡಿ ವಾಸಿಯಾಯ್ತು ಅಂತ ಮುಂದಿನ ತಿಂಗ್ಳು ಟೀಮ್ನೋರು ವಾಪಸ್ ಕರ್ದವ್ರೆ. ಈಗ ಬಾಯ್ಬಿಟ್ರೆ ಮೆಡ್ಲೂ ಹೋಯ್ತದೆ, ಆಟಾನೂ ಹೋಯ್ತದೆ. ದೇವ್ರ ಹತ್ರ ಪಾಪನಿವೇದನೆ ಮಾಡ್ಕೋ ಮಗಾ, ಸಾಕು. ಊರಿಗೆಲ್ಲ ಯಾಕೆ ಡಂಗುರ?”

ಅವಳ ಮಾತಿನಲ್ಲಿ ಹೆತ್ತ ಕರುಳಿನ ನ್ಯಾಯವಿತ್ತು. ಆದರೂ ಅರುಳ ಮೆಲ್ಲಗೆ ಹೇಳಿದ: “ನಾನು ಟೀಮಿಂದ ಹೊರಗೆ ಹಾಕ್ಸಿದ್ದು ದೇವ್ರನ್ನಲ್ವಲ್ಲಮ್ಮ.”

ಮಾರನೆಯ ದಿನ ಅರುಳ, ಕೆಂಪರಾಜು ಕೆಲಸ ಮಾಡುವ ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಮೊದಲ ಪಾಳಿ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತ. ಕೆಂಪರಾಜು ಅವನನ್ನು ಕಂಡವನೇ ಓಡಿ ಬಂದು ತಬ್ಬಿಕೊಂಡ.

“ಲೇ ಅರುಳ! ನೋಡ್ರೋ, ಟಿವೀಲಿ ಬರೋನು! ನಾವಿಬ್ರೂ ಒಂದೇ ವಯಸ್ಸು ಕಣ್ರೋ, ಒಟ್ಗೇ ಆಡ್ದೋರು,” ಎಂದು ಜೊತೆಯವರಿಗೆಲ್ಲ ತೋರಿಸಿ, ಟೀ ಅಂಗಡಿಗೆ ಎಳೆದುಕೊಂಡು ಹೋದ. ಆ ಪ್ರೀತಿಗೆ ಅರುಳ ಭೂಮಿಗಿಳಿದುಹೋದ. ಟೀ ಬಂತು. ಆಮೇಲೆ ಒಂದನ್ನೂ ಮುಚ್ಚಿಡದೆ ಹೇಳಿದ.

ಕೆಂಪರಾಜು ರಸ್ತೆಯತ್ತ ತಿರುಗಿದ. “ಹಂಗಾದ್ರೆ ನಿನ್ನ ನಾನು ಅಣ್ಣ ಅನ್ಬೇಕಿತ್ತು,” ಎಂದು ಕಹಿಯಾಗಿ ನಕ್ಕ. “ಹನ್ನೊಂದು ವರ್ಷದಿಂದ ನನ್ ಕಾಲಲ್ಲೇ ದಮ್ಮಿಲ್ಲ ಅನ್ಕೊಂಡಿದ್ನಲ್ಲೋ. ನಮ್ಮಪ್ಪ ಹಂಗೇ ನಂಬ್ಕೊಂಡು ಸತ್ತೋದ್ರು.”

“ತಪ್ಪಾಯ್ತು ಕಣೋ. ಕ್ಷಮ್ಸು.”

“ನನ್ ಕಿವೀಲಿ ಹೇಳಿ ನೀನು ಹಗುರಾಗ್ಬೇಡ. ಭಾನುವಾರ ನಮ್ಮೂರಲ್ಲಿ ಮ್ಯಾಚು, ನೀನೇ ಚೀಫ್ ಗೆಸ್ಟು. ಅಲ್ಲಿ ಹೇಳು.” ಟೀ ಮುಟ್ಟದೆ ಎದ್ದು ಹೋದ.

ಶನಿವಾರ ಅರುಳ ಕಬಡ್ಡಿ ಸಂಸ್ಥೆಗೆ ಕಾಗದ ಬರೆದು, ಚರ್ಚಿನ ಪುಸ್ತಕದ ಪ್ರತಿಯನ್ನೂ ಲಗತ್ತಿಸಿ ಅಂಚೆಗೆ ಹಾಕಿದ. ಭಾನುವಾರ ಸಾಸಲಿನ ಮೈದಾನ ತುಂಬಿತ್ತು. ಹಾರ ಹಾಕಲು ಬಂದವರನ್ನು ತಡೆದು ಮೈಕು ಹಿಡಿದ.

“ಹದಿನಾರರೊಳಗಿನ ಟೀಮಲ್ಲಿ ಆಡ್ದಾಗ ನಂಗೆ ಹದಿನೇಳು. ಅದು ನಿಮ್ಮೂರ ಕೆಂಪರಾಜು ಜಾಗ. ಅವ್ನು ಆಟದಲ್ಲಿ ಸೋತಿರ್ಲಿಲ್ಲ. ನಾನು ಕದ್ದೆ.”

ಇನ್ನೂ ಏನೇನೋ ಹೇಳಬೇಕೆಂದಿದ್ದ. ಮೈಕು ಕೆಳಗಿಟ್ಟ. ಬಲಗೈ ಮೇಲೆತ್ತಿ, ವೇದಿಕೆ ಇಳಿದು, ಅಂಕಣದ ಸುಣ್ಣದ ಗೆರೆ ದಾಟಿ ಹೊರಗೆ ನಡೆದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನಿಂದ ಯಾರೋ “ಥೂ” ಎಂದದ್ದು ಕೇಳಿಸಿತು. ಅದು ತನಗೆ ಸಲ್ಲಬೇಕಾದ್ದೇ ಅನ್ನಿಸಿತು.

ಗೆರೆಯಾಚೆಯ ಬೆಂಚಿನ ಮೇಲೆ ಕೆಂಪರಾಜು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಅರುಳನ ಮುಖ ನೋಡಲಿಲ್ಲ. ಸ್ವಲ್ಪ ಸರಿದು ಜಾಗ ಮಾಡಿದ.

“ಕೂತ್ಕೊಳ್ಳಣ್ಣ,” ಎಂದ.