ಮಂಜಿನೊಳಗೆ ಬೆಳಗಿನ ಪ್ರಾರ್ಥನೆ

ಶನಿವಾರ ಮಧ್ಯಾಹ್ನ ಮೂರೂಕಾಲಿಗೆ ದೇವರಮನೆ ಗುಡ್ಡದ ಮೇಲೆ ಎಂಟನೇ ತರಗತಿಯ ಇಬ್ಬರು ಹುಡುಗರು ಕಾಣೆಯಾದರು. ಇಲಿಯಾಸ್ ಮತ್ತು ಲಿಂಗಪ್ಪ. ಅದು 1978ರ ನವೆಂಬರ್. ಕೊಟ್ಟಿಗೆಹಾರದ ಕಡೆಯಿಂದ ಪ್ರವಾಸಕ್ಕೆ ಬಂದ ಹೈಸ್ಕೂಲಿನ ಮಕ್ಕಳು ಬುತ್ತಿ ಉಂಡು ಕೈತೊಳೆಯುವಷ್ಟರಲ್ಲಿ ಮಂಜು ಮುಸುಕಿತ್ತು. ನೆಲ್ಲಿಕಾಯಿ ಹುಡುಕಿ ಹೋದ ಇವರಿಬ್ಬರು ವಾಪಸಾಗಿರಲಿಲ್ಲ.

ಶಾಲಾ ನಾಯಕಿ ಮಹಮೂದಾ ತಲೆ ಎಣಿಸಿದಳು. ಮತ್ತೆ ಎಣಿಸಿದಳು. ಇಬ್ಬರು ಕಮ್ಮಿ. ಹುಲ್ಲುಗಾವಲಿನ ಅಂಚಿನಾಚೆ ನೇರ ಪ್ರಪಾತ.

ಡ್ರಿಲ್ ಮೇಷ್ಟ್ರು ಶೇಷಪ್ಪ ವಿಷಲ್ ಬಾಯಿಗಿಟ್ಟರು.

"ಊದಬೇಡಿ ಸಾರ್!" ಮಹಮೂದಾ ಅಡ್ಡ ಬಂದಳು. "ವಿಷಲ್ ಕೇಳಿದ್ರೆ ಓಡಿ ಬಂದು ಸಾಲು ನಿಲ್ಲಬೇಕು ಅಂತ ನೀವೇ ಕಲಿಸಿದ್ದು. ಈ ಮಂಜಲ್ಲಿ ಎತ್ತ ಓಡ್ತಾರೋ!"

ಮೇಷ್ಟ್ರ ಕೈ ಕೆಳಗಿಳಿಯಿತು.

"ಹಂಗಾರೆ ಎಂತ ಮಾಡಾದು, ಲೀಡರಮ್ಮಾ?" ಎಂದ ಮಲ್ಲಿಕಾರ್ಜುನ. ಚುನಾವಣೆಯಲ್ಲಿ ಅವಳೆದುರು ಸೋತವನು. ಪಕ್ಕದ ಬೆಂಚಿಗೂ ಕೇಳದ ದನಿ ಇವಳದು, ಇವಳೆಂಥ ನಾಯಕಿ ಎಂದು ಅವತ್ತಿನಿಂದ ಆಡಿಕೊಂಡು ಬಂದವನು.

ಮಹಮೂದಾಳಿಗೆ ಶಾಲೆಯ ಗೇಟು ನೆನಪಾಯಿತು. ಪ್ರಾರ್ಥನೆ ಶುರುವಾದ ಮೇಲೆ ಬಂದವರು ಮುಂದೆ ಹೆಜ್ಜೆ ಇಡುವಂತಿಲ್ಲ. ಗೇಟಿರಲಿ, ರಸ್ತೆಯಿರಲಿ, ಕೈಕಟ್ಟಿ ಅಲ್ಲೇ ನಿಂತು ಹಾಡಬೇಕು. ಹೆಡ್‌ಮಾಸ್ಟರರ ಕಟ್ಟಪ್ಪಣೆ. ಇಲಿಯಾಸ್, ಲಿಂಗಪ್ಪ ದಿನಾ ಎಂಬಂತೆ ಹಾಗೆ ನಿಲ್ಲುವವರೇ.

"ಪ್ರಾರ್ಥನೆ ಶುರು ಮಾಡಿ. ಯಾರೂ ಕೂತಲ್ಲಿಂದ ಏಳಬೇಡಿ. ಮಲ್ಲಿಕಾರ್ಜುನ, ನಿನ್ನ ಗಂಟಲು ಬೇಕು. ನೀನು ಹೇಳಿಕೊಡು."

"ನಂಗೆ ರಾಗ ಬರಲ್ಲ ಮಾರಾಯ್ತಿ!"

"ರಾಗ ಯಾರಿಗೆ ಬೇಕು? ಕೂಗು."

ಕೂಗಿದ. ಉಳಿದವರು ದನಿಗೂಡಿಸಿದರು. ಒಂದು ಸಲ ಮುಗಿಸಿ ಮತ್ತೆ ಶುರುಮಾಡಿ ಅರ್ಧಕ್ಕೆ ಬಂದಾಗ ಮಹಮೂದಾ ಕೈಯೆತ್ತಿ ನಿಲ್ಲಿಸಿದಳು. ಎಡಗಡೆ ತಗ್ಗಿನಿಂದ ಮುಂದಿನ ಸಾಲು ತೆಳ್ಳಗೆ ತೇಲಿಬಂತು. ಎರಡು ದನಿ.

"ಹಾಡಿ, ಹಾಡಿ! ನಿಲ್ಲಿಸಿದ್ರೆ ಅವರು ಹೊರಟುಬಿಡ್ತಾರೆ."

ಮೇಷ್ಟ್ರು ಕೋಲೂರಿ ಆ ದನಿಯ ಜಾಡು ಹಿಡಿದು ಇಳಿದರು. ಪ್ರಪಾತಕ್ಕೆ ಎರಡು ಮಾರು ಈಚೆಗೆ ಇಬ್ಬರೂ ಕೈಕಟ್ಟಿ, ಕಣ್ಣುಮುಚ್ಚಿ ಹಾಡುತ್ತ ನಿಂತಿದ್ದರು.

"ನಾವು ಅಲ್ಲಾಡಲೇ ಇಲ್ಲ ಸಾರ್," ಎಂದ ಇಲಿಯಾಸ್, ಎಲ್ಲಿ ಏಟು ಬೀಳುತ್ತದೋ ಎಂದು. ಬೈಯಲು ಬಾಯಿ ತೆರೆದ ಮೇಷ್ಟ್ರಿಗೆ ನಗು ಬಂದುಬಿಟ್ಟಿತು.

ಹುಡುಗರ ಮುಖ ಕಂಡದ್ದೇ ಮಹಮೂದಾ ಹುಲ್ಲಿನ ಮೇಲೆ ಕೂತುಬಿಟ್ಟಳು. ಮಲ್ಲಿಕಾರ್ಜುನ ನೀರಿನ ಬಾಟಲಿ ಚಾಚಿದ. "ಕುಡಿ, ಲೀಡರಮ್ಮ." ಈಗ ಅವನ ದನಿಯೇ ಪಕ್ಕದವರಿಗೆ ಕೇಳುವಂತಿರಲಿಲ್ಲ, ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಸೋಮವಾರ ಇಲಿಯಾಸ್, ಲಿಂಗಪ್ಪ ಮತ್ತೆ ತಡವಾಗಿ ಬಂದರು. ಪ್ರಾರ್ಥನೆ ಮುಗಿಯುವವರೆಗೆ ಗೇಟಿನ ಹತ್ತಿರ ನಿಂತಿದ್ದರು.